ಲಿನಕ್ಸ್ ಬಳಗಕ್ಕೆ ಯಾವ ಕಟ್ಟೆ?

ಪ್ರಶ್ನೆ: ಪಣಜಿ, ವೆರ್ಣಾ, ಮಡಗಾಂವ್‌ಗಳಲ್ಲಿರುವ ನಮ್ಮ ಲಿನಕ್ಸ್ ಬಳಗದಲ್ಲಿ ಎಪ್ಪತ್ತು ಮಂದಿ ಇದ್ದೇವೆ. ವಾಟ್ಸ್ಆ್ಯಪ್‌ನಲ್ಲಿ ಹಳೆಯ ಉತ್ತರ ಹುಡುಕಿದರೆ ಸಿಗುವುದಿಲ್ಲ. ಮೇಲಿಂಗ್ ಲಿಸ್ಟ್ ಒಳ್ಳೆಯದೋ, ನ್ಯೂಸ್‌ಗ್ರೂಪ್ ಒಳ್ಳೆಯದೋ?

ಉತ್ತರ: ನಿಮಗೆ ಮೇಲಿಂಗ್ ಲಿಸ್ಟೇ ಸರಿ. ನ್ಯೂಸ್‌ಗ್ರೂಪ್‌ನಲ್ಲಿ ಬರಹ ಸರ್ವರ್‌ನಲ್ಲೇ ಇರುತ್ತದೆ, ಇನ್‌ಬಾಕ್ಸ್ ತುಂಬುವುದಿಲ್ಲ ನಿಜ. ಆದರೆ ಅದಕ್ಕೆ ಬೇರೆ ತಂತ್ರಾಂಶ, ಸರ್ವರ್ ಎರಡೂ ಬೇಕು. ಗೂಗಲ್ ಗ್ರೂಪ್ಸ್ ಕೂಡ 2024ರ ಫೆಬ್ರುವರಿಯಲ್ಲಿ ನ್ಯೂಸ್‌ಗ್ರೂಪ್‌ಗಳ ಜಾಲವಾದ ಯೂಸ್‌ನೆಟ್‌ನ ಹೊಸ ಬರಹಗಳಿಗೆ ಬಾಗಿಲು ಹಾಕಿತು. ಇಮೇಲ್ ಮಾತ್ರ ಎಲ್ಲರಲ್ಲೂ ಇದೆ. ದೇಶವಿದೇಶದ ಗೋವನ್ನರನ್ನು 1994ರಿಂದ ಬೆಸೆದ ಗೋವಾನೆಟ್ ಬೆಳೆದದ್ದೂ ಮೇಲಿಂಗ್ ಲಿಸ್ಟ್ ಆಗಿಯೇ.

ಹೀಗೆ ಮಾಡಿ:

1. ಬಳಗದ ಹೆಸರಿನಲ್ಲೇ ಡೊಮೈನ್ ಕೊಳ್ಳಿ. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಚ್ಚಿತು. ನಿಮ್ಮ ಸೇವೆಯೂ ನಾಳೆ ಮುಚ್ಚಬಹುದು, ವಿಳಾಸ ನಿಮ್ಮದಾಗಿ ಉಳಿಯಲಿ.

2. ಮೇಲಿಂಗ್ ಲಿಸ್ಟ್ ನಡೆಸುವ ತಂತ್ರಾಂಶ ಗ್ನೂ ಮೇಲ್‌ಮ್ಯಾನ್ ಉಚಿತ. ಪತ್ರ ನಿಮ್ಮ ಡೊಮೈನ್‌ನದೇ ಎಂದು ಖಾತ್ರಿಪಡಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್‌ಗಳನ್ನು ಸರಿಯಾಗಿ ಹೊಂದಿಸದಿದ್ದರೆ ಪತ್ರಗಳು ಸ್ಪ್ಯಾಮ್‌ಗೆ ಬೀಳುತ್ತವೆ.

3. ದಿನಕ್ಕೊಂದೇ ಪತ್ರ ಸಾಕೆನ್ನುವವರಿಗೆ ಡೈಜೆಸ್ಟ್ ಆಯ್ಕೆ ತೋರಿಸಿಕೊಡಿ.

4. ವಿಷಯದ ಸಾಲು ಸ್ಪಷ್ಟವಿರಲಿ. ‘ಸಹಾಯ ಬೇಕು’ ಎಂದರೆ ಮುಂದೆ ಯಾರಿಗೂ ಸಿಗದು. ‘ಡೆಬಿಯನ್ 12: ವೈಫೈ ಬರುತ್ತಿಲ್ಲ’ ಎಂದರೆ ಸಿಗುತ್ತದೆ.

5. ನಿರ್ವಾಹಕರು ಕನಿಷ್ಠ ಇಬ್ಬರಿರಲಿ. ಹಳೆಯ ಪತ್ರಗಳ ಸಂಗ್ರಹದ ನಕಲು ತಿಂಗಳಿಗೊಮ್ಮೆ ಬೇರೆಡೆ ಸೇರಲಿ.

ಪತ್ರಗಳು ಪದೇ ಪದೇ ವಾಪಸಾದರೆ ಮೇಲ್ ಸರ್ವರ್ ಬಲ್ಲವರಿಗೆ ತೋರಿಸಿ. ಮಾನಹಾನಿಯ ದೂರು, ಪೊಲೀಸ್ ನೋಟಿಸ್ ಬಂದರೆ ನೀವೇ ಉತ್ತರಿಸಬೇಡಿ, ವಕೀಲರನ್ನು ಕಾಣಿ. ವಾಟ್ಸ್ಆ್ಯಪ್ ಗುಂಪನ್ನು ಸಭೆಯ ದಿನ, ಜಾಗ ತಿಳಿಸಲು ಮಾತ್ರ ಇಟ್ಟುಕೊಳ್ಳಿ.