ಮಕ್ಕಳ ಆಟದಲ್ಲಿ ಹಿರಿಯರ ಪಾಲು

ಮದೀನದ ಸುತ್ತಮುತ್ತ ಅನ್ಸಾರರ ವಸತಿಗಳಿದ್ದವು. ಒಂದು ಆಶೂರಾ ದಿನದ ಬೆಳಿಗ್ಗೆ ಪ್ರವಾದಿವರ್ಯರು(ಸ) ಆ ವಸತಿಗಳಿಗೆ ಹೇಳಿಕಳುಹಿಸಿದರು. ಉಪವಾಸದಲ್ಲಿರುವವರು ಅದನ್ನು ಪೂರ್ತಿಗೊಳಿಸಬೇಕು, ಏನಾದರೂ ತಿಂದವರು ಉಳಿದ ಹೊತ್ತನ್ನಾದರೂ ಉಪವಾಸದಲ್ಲಿ ಕಳೆಯಬೇಕು ಎಂಬುದೇ ಆ ಸಂದೇಶ. ರಮಝಾನ್‌ನ ಉಪವಾಸ ಕಡ್ಡಾಯವಾಗುವುದಕ್ಕೆ ಮುಂಚಿನ ಮಾತಿದು. ಆ ಬಳಿಕ ತಾವೂ ಆ ದಿನ ಉಪವಾಸವಿದ್ದು ತಮ್ಮ ಪುಟ್ಟ ಮಕ್ಕಳಿಂದಲೂ ಉಪವಾಸ ಮಾಡಿಸುತ್ತಿದ್ದುದನ್ನು ಸಹಾಬಿ ಮಹಿಳೆ ಹ. ರುಬಯ್ಯಿಅ್ ಬಿಂತ್ ಮುಅವ್ವಿದ್(ರ) ನೆನಪಿಸಿಕೊಂಡಿದ್ದಾರೆ. ಆ ತಾಯಂದಿರು ಮಕ್ಕಳಿಗಾಗಿ ಉಣ್ಣೆಯಿಂದ ಆಟಿಕೆಗಳನ್ನು ಮಾಡಿಟ್ಟುಕೊಳ್ಳುತ್ತಿದ್ದರು. ಮಗು ಊಟಕ್ಕಾಗಿ ಅತ್ತಾಗ ಆ ಆಟಿಕೆಯನ್ನು ಕೈಗಿತ್ತು, ಇಫ್ತಾರ್‌ನ ಹೊತ್ತಿನವರೆಗೆ ರಮಿಸುತ್ತಿದ್ದರು. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ಈ ವಿವರವಿದೆ.

ಒಂದು ಹಿಡಿ ಉಣ್ಣೆ, ಅದರ ಪಕ್ಕದಲ್ಲಿ ಒಬ್ಬ ತಾಯಿ. ಮಗುವಿನ ಪಾಲಿಗೆ ಆರಾಧನೆಯ ಮೊದಲ ಪಾಠ ಆಟದ ಜೊತೆಯಲ್ಲೇ ಆರಂಭವಾಯಿತು. ನಮ್ಮಲ್ಲಿ ಅನೇಕರು ಆಟವೆಂದರೆ ಧರ್ಮಕ್ಕೆ ದೂರವಾದುದು, ಹೊತ್ತು ಹಾಳುಮಾಡುವಂಥದು ಎಂದು ಭಾವಿಸಿದ್ದಾರೆ. ಅಂಥವರು ಈ ಘಟನೆಯನ್ನು ಮತ್ತೊಮ್ಮೆ ಓದಬೇಕು.

ಪ್ರವಾದಿಯವರ(ಸ) ಮನೆಯಲ್ಲಿ

ಹ. ಆಯಿಶಾ(ರ)ರ ಬಳಿ ಗೊಂಬೆಗಳಿದ್ದವು. ಅವರ ಗೆಳತಿಯರು ಆಡಲು ಬರುತ್ತಿದ್ದರು. ಪ್ರವಾದಿವರ್ಯರು(ಸ) ಒಳಗೆ ಬಂದೊಡನೆ ಆ ಹುಡುಗಿಯರು ನಾಚಿ ಮರೆಯಾಗುತ್ತಿದ್ದರು. ಅವರೇ ಆ ಮಕ್ಕಳನ್ನು ಮತ್ತೆ ಆಟಕ್ಕೆ ಕಳುಹಿಸುತ್ತಿದ್ದರು. ಒಮ್ಮೆ ಯಾತ್ರೆಯಿಂದ ಮರಳಿದಾಗ ಗಾಳಿಗೆ ಪರದೆ ಸರಿದು ಗೊಂಬೆಗಳು ಕಾಣಿಸಿದವು. ನಡುವೆ ಒಂದು ಕುದುರೆ, ಅದಕ್ಕೆ ಬಟ್ಟೆಯ ತುಂಡಿನ ಎರಡು ರೆಕ್ಕೆ! ಕುದುರೆಗೆ ಎಲ್ಲಿಯ ರೆಕ್ಕೆ ಎಂದು ಪ್ರವಾದಿಯವರು(ಸ) ಕೇಳಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದರು. ಪ್ರವಾದಿಯವರು(ಸ) ದವಡೆಹಲ್ಲು ಕಾಣುವಷ್ಟು ನಕ್ಕುಬಿಟ್ಟರು. ಅಬೂದಾವೂದ್‌ನಲ್ಲಿ ಈ ಪ್ರಸಂಗವಿದೆ. ಮಕ್ಕಳ ಗೊಂಬೆಗಳಿಗೆ ಅನೇಕ ವಿದ್ವಾಂಸರು ರಿಯಾಯಿತಿ ನೀಡಿರುವುದು ಇಂತಹ ಹದೀಸ್‌ಗಳ ಆಧಾರದಲ್ಲೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಯಾತ್ರೆಯ ದಣಿವಿನಲ್ಲಿದ್ದವರು ಒಂದು ಗೊಂಬೆಯ ಬಗ್ಗೆ ಒಂದರ ಮೇಲೊಂದು ಪ್ರಶ್ನೆ ಕೇಳಿದರು, ಉತ್ತರಕ್ಕೆ ಕಿವಿಗೊಟ್ಟರು. ಹ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಸಣ್ಣ ಹಕ್ಕಿಯೊಡನೆ ಆಡುತ್ತಿದ್ದನು. ಹಕ್ಕಿ ಸತ್ತುಹೋಯಿತು. ಮುಖ ಬಾಡಿಸಿಕೊಂಡಿದ್ದ ಆ ಮಗುವನ್ನು ಅವನದೇ ಹೆಸರಿಗೆ ಪ್ರಾಸ ಸೇರಿಸಿ ಕರೆದು, ಹಕ್ಕಿಯ ಸುದ್ದಿ ವಿಚಾರಿಸಿದವರೂ ಪ್ರವಾದಿವರ್ಯರೇ(ಸ). ಸುಜೂದ್‌ನಲ್ಲಿದ್ದಾಗ ಮೊಮ್ಮಗ ಬೆನ್ನೇರಿದ. ಸುಜೂದ್ ಎಷ್ಟು ದೀರ್ಘವಾಯಿತೆಂದರೆ, ಏನೋ ಸಂಭವಿಸಿರಬೇಕು ಅಥವಾ ದಿವ್ಯವಾಣಿ ಇಳಿಯುತ್ತಿರಬೇಕು ಎಂದು ಹಿಂದಿದ್ದವರು ಭಾವಿಸಿದರು. ಮಗುವಿನ ಆಸೆ ತೀರುವ ಮುನ್ನ ಅವಸರಪಡಿಸಲು ಮನಸ್ಸಾಗಲಿಲ್ಲ ಎಂಬುದು ಅನಂತರ ಅವರಿತ್ತ ಕಾರಣ.

ದೊಡ್ಡವರಿಗೂ ಆಟ ಬೇಡವೆಂದಿಲ್ಲ. ಪ್ರಯಾಣವೊಂದರಲ್ಲಿ ಜೊತೆಗಾರರನ್ನು ಮುಂದೆ ಕಳುಹಿಸಿ ಪ್ರವಾದಿವರ್ಯರು(ಸ) ಪತ್ನಿಯೊಡನೆ ಓಟದ ಪಂದ್ಯಕ್ಕೆ ನಿಂತರು. ಅಂದು ಆಯಿಶಾ(ರ) ಗೆದ್ದರು. ಎಷ್ಟೋ ಕಾಲದ ಬಳಿಕ ಮತ್ತೊಮ್ಮೆ ಓಡಿದಾಗ ಪ್ರವಾದಿಯವರು(ಸ) ಗೆದ್ದು, ಅಂದಿನದಕ್ಕೆ ಇದು ಸರಿಹೋಯಿತೆಂದು ತಮಾಷೆ ಮಾಡಿದರು. ಈದ್ ದಿನ ಅಬಿಸೀನಿಯನ್ನರು ಮಸೀದಿಯಲ್ಲಿ ಭರ್ಜಿ, ಗುರಾಣಿಗಳ ಆಟ ಆಡಿದಾಗ, ಆಯಿಶಾ(ರ) ತಾವಾಗಿ ಸಾಕೆನ್ನುವವರೆಗೆ ಅವರಿಗೆ ಮರೆಯಾಗಿ ನಿಂತು ತೋರಿಸಿದರು.

ಮಾನ್ಯ ಓದುಗರೇ, ಈ ಘಟನೆಗಳಲ್ಲೆಲ್ಲ ಬಂದ ವಸ್ತುಗಳನ್ನು ಎಣಿಸಿ ನೋಡಿ. ಉಣ್ಣೆ, ಬಟ್ಟೆಯ ತುಂಡು, ಒಂದು ಹಕ್ಕಿ, ಅಜ್ಜನ ಬೆನ್ನು, ಓಡಲು ಬಯಲು. ಹಣ ಬೇಕಾದುದು ಅತ್ಯಲ್ಪ. ಧಾರಾಳವಾಗಿ ಖರ್ಚಾದುದು ಹಿರಿಯರ ಸಮಯ. ಅದೂ ಒಂದು ಸಮುದಾಯದ ಹೊಣೆಯನ್ನೇ ಹೊತ್ತಿದ್ದವರ ಸಮಯ.

ಒಂದು ಅಡಿಕೆ ಹಾಳೆ

ನಮ್ಮ ಕರಾವಳಿಯ ಒಂದು ಮನೆಯ ಸಂಗತಿ ಕೇಳಿ. ಗಲ್ಫ್‌ನಲ್ಲಿ ದುಡಿಯುವ ತಂದೆಯೊಬ್ಬರು ಎರಡು ವರ್ಷಗಳ ಬಳಿಕ ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದರು. ಮಗನಿಗೆಂದು ಬ್ಯಾಟರಿಯಿಂದ ಓಡುವ ದುಬಾರಿ ಕಾರು ತಂದಿದ್ದರು. ಮೂರನೆಯ ದಿನಕ್ಕೆ ಕಾರು ಮಂಚದಡಿ ಸೇರಿತು. ಹುಡುಗ ತೋಟದಿಂದ ಒಂದು ಅಡಿಕೆ ಹಾಳೆ ಎಳೆದುಕೊಂಡು ಬಂದು ಅದರ ಮೇಲೆ ಕುಳಿತು, “ಬಾಪಾ, ಎಳೆಯಿರಿ” ಎಂದನು. ತಂದೆಗೆ ಬೇಸರವಾಯಿತು. ಅಷ್ಟು ಬೆಲೆಯ ಕಾರು ಬಿಟ್ಟು ಕಸ ಹಿಡಿದುಕೊಂಡಿರುವೆಯಾ ಎಂದು ಗದರಿದರು. ಆಗ ಹುಡುಗನ ಅಜ್ಜಿ ಒಳಗಿನಿಂದಲೇ ಹೇಳಿದರು: “ಕಾರು ತಾನಾಗಿ ಓಡುತ್ತದೆ ಮಗಾ. ಹಾಳೆಗೆ ನೀನು ಬೇಕು.”

ರಜೆಯ ದಿನಗಳು ಬೆರಳೆಣಿಕೆಯವು. ಬಾಲ್ಯವೂ ಹಾಗೆಯೇ. ಹಾಳೆ ಎಳೆಯಲು ಕರೆಯುವ ವಯಸ್ಸು ದಾಟಿದ ಮೇಲೆ ನಾವೆಷ್ಟೇ ಬಿಡುವು ಮಾಡಿಕೊಂಡರೂ ಆ ಕರೆ ಮತ್ತೆ ಬರುವುದಿಲ್ಲ.

ಸರಳ ಆಟಗಳಿಗೆ ಜೊತೆಗಾರರು ಬೇಕೇ ಬೇಕು. ಲಗೋರಿಗೆ ಎರಡು ಗುಂಪು ಬೇಕು. ಕಣ್ಣುಮುಚ್ಚಾಲೆಗೆ ಹುಡುಕುವವರು ಬೇಕು. ಚೆನ್ನೆಮಣೆಯ ಎರಡು ಸಾಲುಗಳಲ್ಲಿ ಏಳೇಳು ಗುಳಿಗಳು, ಆ ಬದಿ ಅಜ್ಜಿ, ಈ ಬದಿ ಮೊಮ್ಮಗಳು. ಕಾಳು ಹಂಚುತ್ತ ಮಗು ಲೆಕ್ಕ ಕಲಿಯುತ್ತದೆ, ಸರದಿಗೆ ಕಾಯುವುದನ್ನು ಕಲಿಯುತ್ತದೆ, ಸೋತಾಗ ಮುಖ ಸಿಂಡರಿಸದೆ ಇರುವುದನ್ನು ಕಲಿಯುತ್ತದೆ. ಸಬ್ರ್ ಎಂಬ ಪದದ ಅರ್ಥವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಸುಲಭದ ದಾರಿ. ಕೊಂಡು ಕೊಡುವುದೇ ಆದರೆ ನಮ್ಮ ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಬುಗುರಿ, ಬಂಡಿಗಳಿವೆ. ಅಲ್ಲಿನ ಅನೇಕ ಮುಸ್ಲಿಮ್ ಕುಟುಂಬಗಳ ಅನ್ನವೂ ಅದರಲ್ಲಿದೆ.

ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝಾಲಿ(ರಹ್ಮತುಲ್ಲಾಹಿ ಅಲೈಹಿ)ಯವರು ಮಕ್ಕಳ ಶಿಕ್ಷಣದ ಬಗ್ಗೆ ಬರೆಯುವಾಗ, ಓದಿನ ಬಳಿಕ ದಣಿವಾರಿಸಿಕೊಳ್ಳುವಂತಹ ಒಳ್ಳೆಯ ಆಟಕ್ಕೆ ಮಗುವನ್ನು ಬಿಡಬೇಕೆಂದು ಸೂಚಿಸಿದ್ದಾರೆ. ಆಟವನ್ನು ತಡೆದು ಸದಾ ಓದಿಗೆ ದೂಡಿದರೆ ಮನಸ್ಸು ಸತ್ತು ಬುದ್ಧಿ ಮಂಕಾಗುತ್ತದೆ, ಮಗು ಓದಿನಿಂದ ತಪ್ಪಿಸಿಕೊಳ್ಳುವ ಉಪಾಯ ಹುಡುಕತೊಡಗುತ್ತದೆ ಎಂದು ಎಚ್ಚರಿಸಿದ್ದಾರೆ. ಬೆಳಿಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಟ್ಯೂಷನ್ ಎಂದು ಮಗುವಿನ ದಿನವನ್ನು ತುಂಬಿಬಿಟ್ಟಿರುವ ನಮಗೆ ಈ ಎಚ್ಚರಿಕೆ ಇಂದು ಹೆಚ್ಚು ಅನ್ವಯಿಸುತ್ತದೆ.

ಆಟಕ್ಕೂ ಮೇರೆಯಿದೆ

ಇಸ್ಲಾಮ್ ಆಟಕ್ಕೆ ಅನುಮತಿಯಿತ್ತಿದೆ, ಮೇರೆಯನ್ನೂ ಹಾಕಿದೆ. ಹಣ ಪಣವಿಟ್ಟರೆ ಅದು ಜೂಜು. ಪವಿತ್ರ ಕುರ್‌ಆನ್ ಅದನ್ನು ಮದ್ಯದ ಜೊತೆಗೆ ಸೇರಿಸಿ ನಿಷೇಧಿಸಿದೆ. ಆಟದ ಭರದಲ್ಲಿ ನಮಾಝ್ ತಪ್ಪಬಾರದು. ಕಟ್ಟಿಹಾಕಿದ ಹಕ್ಕಿಯೊಂದನ್ನು ಗುರಿಯಾಗಿಟ್ಟು ಬಾಣ ಬಿಡುತ್ತಿದ್ದ ಯುವಕರನ್ನು ಕಂಡಾಗ ಹ. ಇಬ್ನು ಉಮರ್(ರ) ತಡೆದರು. ಜೀವಿಗಳನ್ನು ಗುರಿಯಾಗಿಸಿಕೊಳ್ಳುವವರನ್ನು ಪ್ರವಾದಿಯವರು(ಸ) ಶಪಿಸಿರುವರೆಂದು ನೆನಪಿಸಿದರು. ತಮಾಷೆಗಾದರೂ ಸಹೋದರನನ್ನು ಬೆದರಿಸುವುದು ಸಲ್ಲದು. ಮಗು ಈ ಮೇರೆಗಳನ್ನು ಕಲಿಯುವುದು ಮೈದಾನದಲ್ಲೇ, ಅಲ್ಲಿ ಹಿರಿಯರೊಬ್ಬರು ಜೊತೆಗಿದ್ದಾಗಲೇ. ಆಡಲು ಬಾರದ ತಂದೆ ದೂರದಿಂದ ಕೂಗಿ ತಿದ್ದಿದರೆ ಅದು ಗದರಿಕೆಯಾಗಿ ಮಾತ್ರ ಕೇಳಿಸುತ್ತದೆ.

ಇಂದಿನ ಸಂಜೆಯೇ ಒಂದು ಪ್ರಯತ್ನ ಮಾಡಿ. ಅಸರ್ ನಮಾಝ್‌ನ ಬಳಿಕ ಅರ್ಧ ಗಂಟೆ ಮೊಬೈಲನ್ನು ಕಪಾಟಿನಲ್ಲಿಡಿ. ಯಾವ ಆಟ ಎಂಬುದನ್ನು ಮಗುವೇ ಹೇಳಲಿ. ಅಜ್ಜ, ಅಜ್ಜಿಯರನ್ನು ಜಗಲಿಗೆ ಕರೆಯಿರಿ, ಅವರ ಕಾಲದ ಆಟವೊಂದನ್ನು ಕಲಿಸಿಕೊಡುವಂತೆ ಕೇಳಿ. ಗಂಡುಮಕ್ಕಳು ಆಡಲು ಹೊರಟಾಗ ಹೆಣ್ಣುಮಕ್ಕಳನ್ನು ಪಾತ್ರೆ ತೊಳೆಯಲು ಕಳುಹಿಸಬೇಡಿ. ಆಯಿಶಾ(ರ)ರ ಗೆಳತಿಯರನ್ನು ಮತ್ತೆ ಆಟಕ್ಕೆ ಕಳುಹಿಸಿದವರು ಯಾರೆಂಬುದು ನೆನಪಿರಲಿ.

ಅಂದು ಗದರಿದ್ದ ಆ ತಂದೆ ಮರುದಿನ ಲುಂಗಿ ಎತ್ತಿ ಕಟ್ಟಿ ಅಂಗಳಕ್ಕಿಳಿದರು. ಹಾಳೆ ಹರಿದು ತುಂಡಾಗುವವರೆಗೆ ಎಳೆದರು. ರಜೆ ಮುಗಿಸಿ ಅವರು ಮರಳಿದ ಮೇಲೆ ಮಗ ಫೋನ್‌ನಲ್ಲಿ ಕಾರಿನ ಮಾತೆತ್ತಲೇ ಇಲ್ಲ. ಅವನು ಕೇಳಿದ್ದು ಒಂದೇ, ಇನ್ನು ಹಾಳೆ ಎಳೆಯಲು ಯಾವಾಗ ಬರುತ್ತೀರಿ ಎಂದು.

ನಮ್ಮ ಮಕ್ಕಳನ್ನು ನಮ್ಮ ಕಣ್ಣುಗಳಿಗೆ ತಂಪಾಗಿಸುವಂತೆ ನಾವು ಅಲ್ಲಾಹನೊಡನೆ ಬೇಡುತ್ತೇವೆ. ಅವರ ಬಾಲ್ಯಕ್ಕೆ ನಾವೂ ತಂಪಾಗುವ ಸೌಭಾಗ್ಯವನ್ನು ಅವನು ನಮಗೆ ಕರುಣಿಸಲಿ. ಆಮೀನ್.