ಎಣಿಕೆಯ ಪಟ್ಟಿ ಓದುವ ಬಗೆ

ಎಂ.ಎಸ್ಸಿ. ಪ್ರಯೋಗಾಲಯದಲ್ಲಿ ಗೈಗರ್ ಕೌಂಟರ್ ಮುಂದೆ ವಿದ್ಯಾರ್ಥಿಗಳನ್ನು ಕೂರಿಸುತ್ತ ಬಂದವನು ನಾನು. ಯಾವ ಪರಮಾಣು ಯಾವಾಗ ಕ್ಷಯಿಸುತ್ತದೆಂದು ಮೊದಲೇ ಹೇಳಲಾಗದು ಎಂಬುದು ಪಠ್ಯದಲ್ಲಿ ಒಂದೇ ಸಾಲು. ಅದನ್ನು ಅಂಕಿಗಳಲ್ಲಿ ತೋರಿಸಲು ಹೊರಟರೆ ಮೊದಲು ಪರೀಕ್ಷೆಗೆ ಕೂರುವುದು ನಮ್ಮ ಉಪಕರಣ.

1. ಒಂದೇ ಅಂಕಿ ಹಿಡಿದು ತೀರ್ಪು ಕೊಡಬೇಡಿ. ರುದರ್‌ಫರ್ಡ್ ಮತ್ತು ಗೈಗರ್ 1910ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ನಾನು ಎಲ್ಲರಿಂದಲೂ ಕೈಯಲ್ಲೇ ಲೆಕ್ಕ ಮಾಡಿಸುತ್ತೇನೆ. ಪೊಲೋನಿಯಂ ಹೊರಹಾಕಿದ ಆಲ್ಫಾ ಕಣಗಳನ್ನು ಅವರು 7.5 ಸೆಕೆಂಡಿನ 2608 ಅವಧಿಗಳಲ್ಲಿ ಎಣಿಸಿದ್ದರು. ಅವಧಿಗೆ ಸರಾಸರಿ 3.87. ಒಂದೂ ಕಣ ಕಾಣದ ಅವಧಿಗಳು 57. ಪಾಯ್ಸಾನ್ ಸೂತ್ರ ಹೇಳುವುದು 54. ಆದರೆ ಎಂಟು ಕಣ ಕಂಡ ಅವಧಿಗಳು 45 ಮಾತ್ರ, ಇರಬೇಕಾದದ್ದು 68! ಇಲ್ಲಿಗೆ ಬಂದೊಡನೆ ವಿದ್ಯಾರ್ಥಿಗಳ ಪೆನ್ನು ನಿಲ್ಲುತ್ತದೆ. ಹತ್ತು ಮತ್ತು ಅದರ ಮೇಲಿನವನ್ನು ಒಂದುಗೂಡಿಸಿ ಕೈ-ಸ್ಕ್ವೇರ್ ಹಾಕಿದರೆ ಒಟ್ಟು ಸುಮಾರು 12.9, ಅದರಲ್ಲಿ ಅರ್ಧಕ್ಕೂ ಹೆಚ್ಚು ಈ ಎಂಟರದ್ದೇ. ಆದರೂ ಅಪ್ಪಟ ಪಾಯ್ಸಾನ್ ಪ್ರಕ್ರಿಯೆಯಲ್ಲೂ ಸುಮಾರು ಆರು ಸಲಕ್ಕೊಮ್ಮೆ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಹನ್ನೊಂದು ಗುಂಪುಗಳಲ್ಲಿ ಯಾವುದೋ ಒಂದು ದೂರ ಸರಿದಿರುವುದು ಸಹಜ. ಅದನ್ನು ಕಂಡ ಮೇಲೆ ಅದೊಂದನ್ನೇ ಆರಿಸಿಕೊಂಡು ಪರೀಕ್ಷಿಸುವುದು ಅನ್ಯಾಯ.

2. ಅತಿ ಅಚ್ಚುಕಟ್ಟಾದ ಅಂಕಿಗಳನ್ನೂ ಅನುಮಾನಿಸಿ. ಪಾಯ್ಸಾನ್‌ನಲ್ಲಿ ವೇರಿಯನ್ಸ್ ಸರಾಸರಿಗೆ ಸಮ. ಅದಕ್ಕಿಂತ ಕಡಿಮೆ ಬಂದರೆ ಮೊದಲು ಡೆಡ್ ಟೈಮ್ ನೋಡಿ. ಜಿ.ಎಂ. ಟ್ಯೂಬ್ ಒಂದು ಕಣವನ್ನು ದಾಖಲಿಸಿದ ಮೇಲೆ ಸುಮಾರು 100 ಮೈಕ್ರೊಸೆಕೆಂಡ್ ಕುರುಡಾಗಿರುತ್ತದೆ. ಸೆಕೆಂಡಿಗೆ ಸಾವಿರ ಎಣಿಕೆ ಬರುತ್ತಿದ್ದರೆ ವೇರಿಯನ್ಸ್ ಸರಾಸರಿಗಿಂತ ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ. ಮೂಲವನ್ನು ದೂರ ಸರಿಸಿ ಮತ್ತೆ ಎಣಿಸಿದರೆ ನಿಜ ತಿಳಿಯುತ್ತದೆ. ಕೂತಲ್ಲೇ ಕಲ್ಪಿಸಿ ಬರೆದ ಅಂಕಿಗಳೂ ಹೀಗೇ ಸಿಕ್ಕಿಬೀಳುತ್ತವೆ. ಸರಾಸರಿಯಿಂದ ದೂರದ ಸಂಖ್ಯೆ ಬರೆಯಲು ಮನುಷ್ಯನ ಕೈ ಹಿಂಜರಿಯುತ್ತದೆ.

3. ಹಿನ್ನೆಲೆ ಎಣಿಕೆಯನ್ನು ಕಳೆದ ಮೇಲೆ ಪಾಯ್ಸಾನ್ ಪರೀಕ್ಷೆ ಬೇಡ. ಪ್ರತಿ ಅವಧಿಗೂ ಹಿನ್ನೆಲೆಯನ್ನು ಬೇರೆಯಾಗಿ ಅಳೆದು, ಸರಾಸರಿ 100ರಿಂದ 20 ಕಳೆದರೆ ಉಳಿಯುವುದು 80, ಅದರ ವೇರಿಯನ್ಸ್ ಮಾತ್ರ 120.

4. ಅನುಕ್ರಮವನ್ನು ಕೆಡಿಸಬೇಡಿ. ಪಟ್ಟಿಯನ್ನು ಇಸ್ಪೀಟಿನಂತೆ ಕಲಸಿದರೂ ಕೈ-ಸ್ಕ್ವೇರ್ ಬದಲಾಗುವುದಿಲ್ಲ. ಹೈ ವೋಲ್ಟೇಜ್ ನಿಧಾನಕ್ಕೆ ಜಾರುತ್ತಿದ್ದರೆ ಗೊತ್ತಾಗುವುದು ರನ್ಸ್ ಪರೀಕ್ಷೆಯಿಂದ, ಅಕ್ಕಪಕ್ಕದ ಎಣಿಕೆಗಳ ಸಹಸಂಬಂಧದಿಂದ. ಮೂಲದ ಅರ್ಧಾಯುಷ್ಯವೂ ನೆನಪಿರಲಿ: 30 ವರ್ಷದ ಸೀಸಿಯಂ-137ಕ್ಕೆ ಒಂದು ಮಧ್ಯಾಹ್ನ ಲೆಕ್ಕಕ್ಕಿಲ್ಲ, 6 ಗಂಟೆಯ ಟೆಕ್ನೀಷಿಯಂ-99ಎಂ ಒಂದೇ ಗಂಟೆಯಲ್ಲಿ ಶೇ 11ರಷ್ಟು ಇಳಿಯುತ್ತದೆ.

5. ಟಿಕ್‌ಗಳು ಗುಂಪುಗುಂಪಾಗಿ ಕೇಳಿಸಿದರೆ ಹೆದರಬೇಡಿ. ಎರಡು ಟಿಕ್‌ಗಳ ನಡುವಿನ ಅಂತರ ಘಾತೀಯ ವಿತರಣೆಯನ್ನು ಅನುಸರಿಸುತ್ತದೆ. ಅಲ್ಲಿ ಸಣ್ಣ ಅಂತರಗಳೇ ಹೆಚ್ಚು. ಸರಾಸರಿ ಅಂತರ ಒಂದು ಸೆಕೆಂಡಾದರೆ, ಶೇ 9.5 ಅಂತರಗಳು 0.1 ಸೆಕೆಂಡಿಗಿಂತ ಚಿಕ್ಕವು, ಶೇ 5ರಷ್ಟು 3 ಸೆಕೆಂಡಿಗಿಂತ ದೊಡ್ಡವು. ಗಡಿಯಾರದಂತೆ ಸಮನಾಗಿ ಟಿಕ್ ಎಂದರೆ ವೈರಿಂಗ್ ಪರಿಶೀಲಿಸಿ.

6. ಋತುಮಾನದೊಂದಿಗೆ ಏರಿಳಿಯುವ ಎಣಿಕೆ ಕಂಡರೆ ಕೋಣೆಯ ತಾಪಮಾನ, ಆರ್ದ್ರತೆಗಳ ದಾಖಲೆ ತೆಗೆಯಿರಿ. ಕ್ಷಯದ ದರವೇ ಸೂರ್ಯನ ದೂರಕ್ಕೆ ತಕ್ಕಂತೆ ಬದಲಾಗುತ್ತದೆಂಬ ವಾದವನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೆಂಕಿನ್ಸ್, ಫಿಶ್‌ಬಾಕ್ ಮತ್ತು ಸಂಗಡಿಗರು 2009ರಲ್ಲಿ ಮುಂದಿಟ್ಟರು. ಆಧಾರವಾಗಿದ್ದ ಹಳೆಯ ದತ್ತಾಂಶದಲ್ಲಿ ಒಂದು ಭಾಗ ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆ ಪಿಟಿಬಿಯದು. ಅದೇ ಪಿಟಿಬಿ ಮುಂದೆ ಕ್ಲೋರಿನ್-36ರ ಕ್ಷಯವನ್ನು ಬೇರೆ ವಿಧಾನದಿಂದ ಅಳೆದು 2014ರಲ್ಲಿ ವರದಿ ಮಾಡಿತು. ಆ ವಾರ್ಷಿಕ ಏರಿಳಿತ ಅಲ್ಲಿ ಕಾಣಲಿಲ್ಲ.