ವಾಷಿಂಗ್ಟನ್ ಸ್ಕ್ವೇರ್: ಪ್ರೀತಿ, ಆಸ್ತಿ, ಮದುವೆ

1. ಕಾದಂಬರಿಯ ಲೇಖಕ ಹೆನ್ರಿ ಜೇಮ್ಸ್, ಪ್ರಕಟಣೆ 1880. ವಾಷಿಂಗ್ಟನ್ ಸ್ಕ್ವೇರ್ ನ್ಯೂಯಾರ್ಕಿನ ಬಡಾವಣೆ, ರಾಜಧಾನಿ ವಾಷಿಂಗ್ಟನ್ ಅಲ್ಲ.

2. ಪಾತ್ರಗಳು: ಡಾ. ಸ್ಲೋಪರ್ (ತಂದೆ), ಕ್ಯಾಥರೀನ್ (ಮಗಳು), ಮಾರಿಸ್ ಟೌನ್‌ಸೆಂಡ್ (ಪ್ರೇಮಿ), ಲವಿನಿಯಾ ಪೆನಿಮನ್ (ಸೋದರತ್ತೆ, ನಂಟು ಕುದುರಿಸಲು ಹೊರಟು ಕೆಲಸ ಕೆಡಿಸುವವಳು).

3. ಪರೀಕ್ಷೆಯಲ್ಲಿ ಪ್ರಶ್ನೆ ಬರುವುದು ಇಲ್ಲೇ: ತಾಯಿಯಿಂದ ಬಂದ ವರ್ಷಕ್ಕೆ 10,000 ಡಾಲರ್ ವರಮಾನ ಕ್ಯಾಥರೀನಳದ್ದೇ. ತಂದೆ ತಡೆಯಬಲ್ಲದ್ದು ತನ್ನ ಆಸ್ತಿಯನ್ನು ಮಾತ್ರ. ಮಾರಿಸ್‌ಗೆ ಅಷ್ಟು ಸಾಲದು, ಕೈಕೊಡುತ್ತಾನೆ. ಅವನು ಬಂದದ್ದು ಹಣಕ್ಕಾಗಿ ಎಂಬ ತಂದೆಯ ಅನುಮಾನ ಸರಿ, ನಡತೆ ಕ್ರೂರ, ಎರಡನ್ನೂ ಬರೆಯಿರಿ.

4. ಅಂತ್ಯ: ಎಷ್ಟೋ ವರ್ಷಗಳ ನಂತರ ಮರಳಿದ ಮಾರಿಸ್‌ನನ್ನು ಸಾಗಹಾಕಿ, ಕ್ಯಾಥರೀನ್ ಕಸೂತಿ ಹಿಡಿದು ಕೂರುತ್ತಾಳೆ. ಮದುವೆ ಆಗುವುದಿಲ್ಲ.

5. ಗೊಂದಲ ಬೇಡ: ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಲೇಖಕನ ಅಣ್ಣ.

6. ಸಿನಿಮಾ: ‘ದಿ ಏರೆಸ್’ (1949), ನಿರ್ದೇಶಕ ವಿಲಿಯಂ ವೈಲರ್. ನಾಯಕಿ ಒಲಿವಿಯಾ ಡಿ ಹ್ಯಾವಿಲೆಂಡ್‌ಗೆ ಆಸ್ಕರ್.